10 ಗಿಗಾಹರ್ಟ್ಸ್ ವಾಪಸ್ ಕಳಿಸೋಕೆ ಯಾವುದು ಮೇಲು: ಟೆಫ್ಲಾನ್ ತುಂಡು, ಗೋಡೆಯ ಕಚ್ಚು, ಮೈಕ್ರೋಸ್ಟ್ರಿಪ್ ತೂತು

ಮೈಕ್ರೋವೇವ್‌ನ ಒಂದು ಬ್ಯಾಂಡ್ (ಆವರ್ತನಗಳ ಒಂದು ಪಟ್ಟಿ) ಮಾತ್ರ ವಾಪಸ್ ಬರಬೇಕು, ಉಳಿದದ್ದು ಮುಂದೆ ಹೋಗಬೇಕು. ಇದಕ್ಕಾಗಿ ಮೂರು ಬಗೆಯ ಬ್ರಾಗ್ ರಿಫ್ಲೆಕ್ಟರ್‌ಗಳನ್ನು 10 ಗಿಗಾಹರ್ಟ್ಸ್ ಸುತ್ತ ಮಾಡಿ ನೋಡಿದೆ. ಮೂರಕ್ಕೂ ತತ್ವ ಒಂದೇ. ಅರ್ಧ ತರಂಗದೂರಕ್ಕೊಂದು ಅಡ್ಡಿ ಇಟ್ಟರೆ, ಒಂದೊಂದರಿಂದಲೂ ವಾಪಸಾಗುವ ಸಣ್ಣ ಅಲೆಗಳು ಹೆಜ್ಜೆ ಕೂಡಿ ದೊಡ್ಡದಾಗುತ್ತವೆ. ಲೆಕ್ಕಕ್ಕೆ ಹಿಡಿಯಬೇಕಾದ್ದು ಗೈಡ್ ಒಳಗಿನ, ಅಂದರೆ ಅಲೆ ಸಾಗುವ ಲೋಹದ ಕೊಳವೆಯೊಳಗಿನ ತರಂಗದೂರ. ಬಯಲಲ್ಲಿ 30 ಮಿಲಿಮೀಟರ್ ಇರುವ ಅಲೆ ಡಬ್ಲ್ಯೂಆರ್-90 ಎಂಬ ಪ್ರಮಾಣಿತ ಅಳತೆಯ ಆಯತಾಕಾರದ ಗೈಡ್ ಒಳಗೆ ಸುಮಾರು 39.7 ಆಗುತ್ತದೆ.

ಮೊದಲು ಟೆಫ್ಲಾನ್. ಕಾಲು ತರಂಗದೂರದ ತುಂಡು; ಟೆಫ್ಲಾನ್ ಒಳಗೆ ಅಲೆ ಗಿಡ್ಡವಾಗುವುದರಿಂದ ಅದು 5.8 ಮಿಲಿಮೀಟರ್. ಆಮೇಲೆ 9.9 ಮಿಲಿಮೀಟರ್ ಖಾಲಿ ಜಾಗ, ಮತ್ತೆ ತುಂಡು. ಜಾಗ ಅಲ್ಲಾಡದಿರಲು ನಡುವೆ ಹಗುರ ಫೋಮ್ ತುರುಕಿದೆ. ಐದು ತುಂಡಿಗೆ ಲೆಕ್ಕದ ಪ್ರಕಾರ ಮುಂದೆ ಹೋಗುವುದು 17 ಡೆಸಿಬೆಲ್ ಇಳಿಯಬೇಕು, ಎಂಟಕ್ಕೆ 31. ತಡೆಯುವ ಬ್ಯಾಂಡ್ ಅಗಲ, ಹತ್ತಿರ ಹತ್ತಿರ 2 ಗಿಗಾಹರ್ಟ್ಸ್. ಆದರೆ ತುಂಡಿನ ಎತ್ತರ ಸರಿಯಾಗಿರಬೇಕು. ವಿದ್ಯುತ್ ಕ್ಷೇತ್ರ ಮೇಲಿನ ಗೋಡೆಯಿಂದ ಕೆಳಗಿನದಕ್ಕೆ ನೇರ ನಿಲ್ಲುವುದರಿಂದ, ಮೇಲೆ ಕೂದಲೆಳೆ ಸಂದು ಉಳಿದರೂ ಬ್ಯಾಂಡ್ ಮೇಲಕ್ಕೆ ಸರಿಯುತ್ತದೆ. ಪಕ್ಕದ ಸಂದು ಅಷ್ಟು ಕಾಡುವುದಿಲ್ಲ, ಅಲ್ಲಿ ಕ್ಷೇತ್ರವೇ ಇಲ್ಲವಲ್ಲ. ಟೆಫ್ಲಾನ್ ಬದಲು ಅಲ್ಯುಮಿನಾ ಎಂಬ ಸೆರಾಮಿಕ್ ಹಾಕಿದರೆ ಈ ಕಾಟ ಇನ್ನೂ ಜಾಸ್ತಿ.

ಮೈಕ್ರೋಸ್ಟ್ರಿಪ್, ಅಂದರೆ ಸರ್ಕ್ಯೂಟ್ ಬೋರ್ಡ್ ಮೇಲೆ ಅಲೆ ಸಾಗಿಸುವ ತಾಮ್ರದ ಗೆರೆ, ಎಲ್ಲಕ್ಕಿಂತ ಸುಲಭ. ಗೆರೆಯ ಕೆಳಗಿನ ಗ್ರೌಂಡ್ ಪ್ಲೇನ್‌ನಲ್ಲಿ (ಬೋರ್ಡಿನ ಅಡಿಯ ತಾಮ್ರದ ಹಾಳೆ) ಸಾಲಾಗಿ ದುಂಡು ತೂತುಗಳನ್ನು ರಾಸಾಯನಿಕದಿಂದ ಕರಗಿಸಿ ತೆಗೆದರೆ ಮುಗಿಯಿತು. ತೂತಿನ ತ್ರಿಜ್ಯ, ತೂತುಗಳ ನಡುವಿನ ದೂರದ ಕಾಲು ಭಾಗ ಇದ್ದರೆ ಚೆನ್ನಾಗಿ ಬರುತ್ತದೆ. ಅಳೆಯುವ ಯಂತ್ರದ ಪರದೆಯ ಮೇಲೆ ಕಣಿವೆ ಸೊಗಸಾಗಿ ಕಾಣುತ್ತದೆ. ಆದರೆ ಬರೀ ಎಸ್21 (ಮುಂದೆ ಹೋದ ಅಲೆಯ ಪಾಲು) ನೋಡಿ ನಂಬಬೇಡಿ. ಮುಂದೆ ಹೋಗದ ಶಕ್ತಿಯೆಲ್ಲ ವಾಪಸ್ ಬಂದಿದೆ ಎಂದೇನೂ ಇಲ್ಲ. ಎಸ್11 (ವಾಪಸ್ ಬಂದ ಅಲೆಯ ಪಾಲು) ಮತ್ತು ಎಸ್21 ಎರಡರ ವರ್ಗ ಕೂಡಿಸಿ. ಒಂದಕ್ಕಿಂತ ಎಷ್ಟು ಕಡಿಮೆ ಬಂತೋ ಅಷ್ಟು ಸೋರಿದೆ ಅಥವಾ ಬಿಸಿಯಾಗಿದೆ. ನನ್ನ ಎಫ್ಆರ್4 (ಸಾಮಾನ್ಯ ಗ್ಲಾಸ್-ಎಪಾಕ್ಸಿ) ಬೋರ್ಡ್‌ನಲ್ಲಿ ಈ ಕೊರತೆ ಎದ್ದು ಕಂಡಿತು, ಟೆಫ್ಲಾನ್ ಗೈಡ್‌ನಲ್ಲಿ ಹುಡುಕಬೇಕಾಯಿತು. ಬೋರ್ಡನ್ನು ಲೋಹದ ತಟ್ಟೆಯ ಮೇಲೆ ಮಲಗಿಸಿದರೆ ತೂತು ಮುಚ್ಚಿ ಬ್ಯಾಂಡೇ ಮಾಯ. ಕೆಳಗೆ ಖಾಲಿ ಜಾಗ ಬಿಡಲೇಬೇಕು. ರಿಫ್ಲೆಕ್ಟರ್ ಅಂತ ಕರೆಯಬೇಕಾದರೆ ವಾಪಸ್ ಬಂದದ್ದನ್ನು ಅಳೆಯಬೇಕು, ಅಲ್ವಾ?

ಗೈಡ್‌ನ ಗೋಡೆಗೇ ಕಚ್ಚು ಹಾಕುವ ದಾರಿ ನನಗೆ ಹೆಚ್ಚು ಇಷ್ಟ. 19.85 ಮಿಲಿಮೀಟರ್‌ಗೊಂದು ತೆಳು ಕಚ್ಚು. ಒಂದೊಂದು ಕಚ್ಚು ಕೊಡುವ ಪ್ರತಿಫಲನ ತುಂಬಾ ಕಡಿಮೆ, ಹಾಗಾಗಿ ಕಚ್ಚುಗಳು ಜಾಸ್ತಿ ಬೇಕು, ಗೈಡ್ ಉದ್ದವಾಗುತ್ತದೆ. ಮಿಲ್ಲಿಂಗ್ ಕೆಲಸವೂ ಹೆಚ್ಚು. ಆದರೆ ಬ್ಯಾಂಡ್ ಕಿರಿದು, ನಷ್ಟ ಅತ್ಯಲ್ಪ, ಒಳಗೆ ಕರಗಿ ಸುಡುವ ವಸ್ತುವೇ ಇಲ್ಲ. ನಡುದಾರಿಯೂ ಪೂರ್ತಿ ಖಾಲಿ. ಫ್ರೀ ಎಲೆಕ್ಟ್ರಾನ್ ಮೇಸರ್‌ಗಳಲ್ಲಿ (ಎಲೆಕ್ಟ್ರಾನ್ ಕಿರಣದಿಂದ ಮೈಕ್ರೋವೇವ್ ಹುಟ್ಟಿಸುವ ಯಂತ್ರಗಳು) ಇಂಥ ಕಚ್ಚಿನ ಕೊಳವೆಯನ್ನೇ ಕನ್ನಡಿಯಾಗಿ ಬಳಸುವುದು ಇದಕ್ಕೇ. ಎಲೆಕ್ಟ್ರಾನ್ ಕಿರಣ ನಡುವೆ ಹಾದುಹೋಗಬೇಕು, ಮೈಕ್ರೋವೇವ್ ಮಾತ್ರ ತಿರುಗಬೇಕು.

ಅಂತಹ ಅಗಲ ಕೊಳವೆಗಳಲ್ಲಿ ಒಂದು ಎಚ್ಚರ ಬೇಕು. ಹಲವು ಮೋಡ್‌ಗಳು (ಅಲೆ ಸಾಗುವ ಬೇರೆ ಬೇರೆ ವಿನ್ಯಾಸಗಳು) ಓಡಾಡುವುದರಿಂದ, ಕಚ್ಚು ಒಂದು ಮೋಡನ್ನು ಇನ್ನೊಂದಾಗಿ ಮಾಡಿ ವಾಪಸ್ ಕಳಿಸಬಹುದು. ಡಬ್ಲ್ಯೂಆರ್-90ರಲ್ಲಿ ಈ ತಲೆನೋವಿಲ್ಲ, 10 ಗಿಗಾಹರ್ಟ್ಸ್‌ಗೆ ಅಲ್ಲಿ ಒಂದೇ ಮೋಡ್ ಸಾಗುತ್ತದೆ. ಅಲ್ಲಿ ಕಾಡುವುದು ಬ್ಯಾಂಡಿನ ಅಕ್ಕಪಕ್ಕದ ಏರಿಳಿತ. ಕಚ್ಚಿನ ಸಾಲು ಥಟ್ಟನೆ ಶುರುವಾಗಿ ಥಟ್ಟನೆ ಮುಗಿಯುವುದರಿಂದ ಅದು ಬರುತ್ತದೆ. ಎರಡೂ ತುದಿಯಲ್ಲಿ ಆಳವನ್ನು ಮೆಲ್ಲಗೆ ಇಳಿಸಿದರೆ ತಗ್ಗುತ್ತದೆ. ಅದಕ್ಕೆ ಬದಲಾಗಿ ಇನ್ನಷ್ಟು ಕಚ್ಚು ಸೇರಿಸಬೇಕು. ಉದ್ದಕ್ಕೆ ಜಾಗ ಇದ್ದಾಗ ನಾನು ಹಾಗೇ ಮಾಡುತ್ತೇನೆ, ಇಲ್ಲದಿದ್ದರೆ ಟೆಫ್ಲಾನ್.