ಮೇಕೆದಾಟು: ಮಳೆಗಾಲವೋ, ಚಳಿಗಾಲವೋ, ಬೇಸಿಗೆಯೋ?

ಮೇಕೆದಾಟಿಗೆ ಯಾವಾಗ ಹೋಗೋದು ಒಳ್ಳೇದು ಅಂತ ಯಾರನ್ನೇ ಕೇಳಿ, ಬರುವ ಉತ್ತರ ಒಂದೇ: ಮಳೆಗಾಲದಲ್ಲಿ ಹೋಗಿ, ನೀರು ಜಾಸ್ತಿ ಇರುತ್ತೆ. ಮೂರೂ ಕಾಲದಲ್ಲಿ ಹೋಗಿ ನೋಡಿದ ನನಗೆ ಈ ಸಲಹೆ ಒಪ್ಪಿಗೆಯಿಲ್ಲ. ಅಲ್ಲಿ ನೋಡಬೇಕಾದದ್ದು ಕಾವೇರಿ ಬಂಡೆ ಕೊರೆದು ಮಾಡಿಕೊಂಡ ಇಕ್ಕಟ್ಟಾದ ದಾರಿ. ನೀರು ತುಂಬಿದರೆ ಆ ದಾರಿಯೇ ಮುಳುಗಿಹೋಗುತ್ತದೆ.

ಮೊದಲು ಅಲ್ಲಿಗೆ ತಲುಪುವ ಮಾತು. ಕನಕಪುರ, ಸಾತನೂರು ದಾಟಿ ಸಂಗಮಕ್ಕೆ ಬಂದರೆ ಗಾಡಿ ಅಲ್ಲೇ ನಿಲ್ಲಿಸಬೇಕು. ಅರ್ಕಾವತಿ ಕಾವೇರಿಯನ್ನು ಸೇರುವ ಜಾಗ ಅದು. ಅರ್ಕಾವತಿ ದಾಟಿ, ಆಚೆ ದಡದಲ್ಲಿ ಬಸ್ ಹತ್ತಿ, ಕುಲುಕಾಡುತ್ತಾ ಸುಮಾರು 4 ಕಿಲೋಮೀಟರ್ ಹೋದರೆ ಮೇಕೆದಾಟು. ಹಾಗಾಗಿ ಯಾವ ಕಾಲದಲ್ಲಿ ಹೊರಟರೂ ಮೊದಲ ಪ್ರಶ್ನೆ, ಹೊಳೆ ದಾಟೋಕೆ ಆಗುತ್ತಾ ಅನ್ನೋದು.

ಮಳೆಗಾಲದಲ್ಲಿ ಎಷ್ಟೋ ಸಲ ಆಗುವುದಿಲ್ಲ. ಇದರಲ್ಲಿ ಹೊಸಬರಿಗೆ ಗೊತ್ತಾಗದ ವಿಷಯ ಒಂದಿದೆ. ಜುಲೈ, ಆಗಸ್ಟ್‌ನಲ್ಲಿ ಕನಕಪುರದ ಕಡೆ ಮಳೆ ಅಷ್ಟಕ್ಕಷ್ಟೇ. ಅಲ್ಲಿ ಚೆನ್ನಾಗಿ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಆದರೆ ಕಾವೇರಿ ಉಕ್ಕುವುದು ಕೊಡಗಿನ ಮಳೆಗೆ, ಅದನ್ನು ಸೇರುವ ಕಬಿನಿ ಉಕ್ಕುವುದು ವಯನಾಡಿನ ಮಳೆಗೆ. ಅಣೆಕಟ್ಟುಗಳು ತುಂಬಿ ಗೇಟು ತೆಗೆದರೆ, ಇಲ್ಲಿ ಬಿಸಿಲು ಹೊಡೆಯುತ್ತಿರುವಾಗಲೇ ಹೊಳೆ ಕೆಂಪಗೆ ಏರುತ್ತದೆ. ಕನಕಪುರದ ಹವಾಮಾನ ನೋಡಿಕೊಂಡು ಹೊರಟರೆ ಏನೂ ತಿಳಿಯುವುದಿಲ್ಲ. ಕೆಆರ್‌ಎಸ್‌ನಲ್ಲಿ ನೀರು ಪೂರ್ತಿ ಮಟ್ಟವಾದ 124.80 ಅಡಿ ಮುಟ್ಟಿತಾ, ಕಬಿನಿಯಿಂದ ಎಷ್ಟು ಬಿಡುತ್ತಿದ್ದಾರೆ ಅನ್ನುವ ಸುದ್ದಿ ನೋಡಬೇಕು. ಹೊರಹರಿವು ದೊಡ್ಡದಾಗಿದ್ದರೆ ಸಂಗಮದಲ್ಲೇ ತಡೆದು ವಾಪಸ್ ಕಳಿಸುತ್ತಾರೆ.

ಹೊಳೆ ಇಳಿದಿರುವ ದಿನ ಒಳಗೆ ಬಿಟ್ಟರೂ ನೀರು ಬಂಡೆಯ ಅಂಚಿನ ತನಕ ಇರುತ್ತದೆ. ಅಗಲವಾಗಿ ಬಂದ ನದಿಯೆಲ್ಲ ಒಂದೇ ಕಡೆ ನುಗ್ಗುತ್ತದೆ. ಪಕ್ಕದಲ್ಲಿ ನಿಂತವರ ಜತೆ ಮಾತಾಡಬೇಕಾದರೂ ಕೂಗಬೇಕು. ಆ ರಭಸಕ್ಕೆ ಮೈ ಜುಮ್ ಅನ್ನುವುದು ನಿಜ. ಆದರೆ ಕಣ್ಣಿಗೆ ಕಾಣುವುದು ಕೆಸರು ನೀರು ಮಾತ್ರ. ತುಂಬಿದ ಕಾವೇರಿಯನ್ನೇ ನೋಡುವ ಆಸೆ ಇದ್ದರೆ ಮೇಲಿನ ಶಿವನಸಮುದ್ರಕ್ಕೆ ಹೋಗಿ. ಅದೇ ನೀರು ಭರಚುಕ್ಕಿಯಲ್ಲಿ ಅಷ್ಟಗಲ ಹರಡಿಕೊಂಡು ಬೀಳುತ್ತದೆ, ದೂರದಿಂದಲೇ ಆರಾಮಾಗಿ ನೋಡಬಹುದು. ಗಗನಚುಕ್ಕಿಯ ಕಡೆ 1902ರಲ್ಲಿ ಶುರುವಾದ ವಿದ್ಯುತ್ ಕೇಂದ್ರವೂ ಕಾಣುತ್ತದೆ. ಕೋಲಾರದ ಚಿನ್ನದ ಗಣಿಗೆ ಕರೆಂಟು ಹೋದದ್ದು ಅಲ್ಲಿಂದಲೇ. ಮಳೆಗಾಲದ ಮಟ್ಟಿಗೆ ನನ್ನ ಓಟು ಶಿವನಸಮುದ್ರಕ್ಕೆ.

ಚಳಿಗಾಲದ ಬಗ್ಗೆ ಹೇಳಬೇಕಾದದ್ದು ಕಡಿಮೆ, ಯಾಕಂದರೆ ತೊಂದರೆಯೇ ಕಡಿಮೆ. ನವೆಂಬರ್ ಕೊನೆಯಿಂದ ಜನವರಿವರೆಗೆ ನೀರಿನ ಕೆಂಪು ಬಣ್ಣ ಹೋಗಿರುತ್ತದೆ. ಹಿಂಗಾರು ಮಳೆ ಕಂಡ ಕಾಡು ಇನ್ನೂ ಹಸಿರಾಗಿರುತ್ತದೆ. ದಡದ ಹೊಳೆಮತ್ತಿ ಮರಗಳ ನೆರಳಲ್ಲಿ ಮಧ್ಯಾಹ್ನವೂ ಕೂರಬಹುದು. ತೆಪ್ಪದಲ್ಲಿ ಅರ್ಕಾವತಿ ದಾಟುವುದಕ್ಕೆ ಮಕ್ಕಳಿಗಂತೂ ಖುಷಿ. ಕಮರಿಯಲ್ಲಿ ಅರ್ಧ ಬಂಡೆ, ಅರ್ಧ ನೀರು ಕಾಣುತ್ತದೆ. ಒಂದೇ ಒಂದು ಸಲ ಹೋಗುವವರಿಗೆ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ ಇದೇ ಸರಿಯಾದ ಕಾಲ. ಡಿಸೆಂಬರ್ ಕೊನೆಯ ವಾರ ಮಾತ್ರ ಬೇಡ. ಜನಜಂಗುಳಿಯಲ್ಲಿ ತೆಪ್ಪಕ್ಕೂ ಕಾಯಬೇಕು, ಬಸ್ಸಿಗೂ ಕಾಯಬೇಕು.

ಆದರೆ ನನಗೆ ತುಂಬಾ ಇಷ್ಟವಾದದ್ದು ಬೇಸಿಗೆಯ ಮೇಕೆದಾಟು. ಇದನ್ನು ಹೇಳಿದರೆ ಜನ ನಂಬುವುದಿಲ್ಲ. ಬೇಸಿಗೆಯಲ್ಲಿ ಅಲ್ಲೇನಿದೆ, ಬರೀ ಬಂಡೆ ಅಲ್ವಾ ಅಂತಾರೆ. ಹೌದು, ಆ ಬಂಡೆಗಾಗಿಯೇ ಹೋಗಬೇಕು!

ಮಾರ್ಚ್ ಹೊತ್ತಿಗೆ ನೀರು ತಳಕ್ಕೆ ಇಳಿದಿರುತ್ತದೆ. ಎರಡೂ ಕಡೆಯ ಗೋಡೆಗಳು ಪೂರ್ತಿ ಕಾಣುತ್ತವೆ. ಬಂಡೆಯ ಮೇಲೆಲ್ಲ ದುಂಡನೆಯ ಕುಳಿಗಳಿವೆ. ಕೆಲವು ಬೊಗಸೆಯಷ್ಟು, ಕೆಲವು ಆಳು ಮುಳುಗುವಷ್ಟು. ಪ್ರವಾಹದಲ್ಲಿ ಒಂದು ಕಲ್ಲು ಬಂಡೆಯ ಸಣ್ಣ ತಗ್ಗಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸುಳಿ ಅದನ್ನು ಅಲ್ಲೇ ಸುತ್ತಿಸುತ್ತದೆ. ಕಲ್ಲು ಸವೆಯುತ್ತದೆ, ಬಂಡೆಯೂ ಸವೆಯುತ್ತದೆ, ತಗ್ಗು ಆಳವಾಗುತ್ತದೆ. ಒಣಗಿದ ಒಂದು ಕುಳಿಯೊಳಗೆ ಕೈ ಹಾಕಿ ನೋಡಿ. ಒಳಗೋಡೆ ರುಬ್ಬುಗುಂಡಿನಷ್ಟು ನುಣುಪಾಗಿರುತ್ತದೆ, ತಳದಲ್ಲಿ ಅದನ್ನು ಕೊರೆದ ದುಂಡು ಕಲ್ಲುಗಳು ಮರಳಿನ ಜತೆ ಹಾಗೇ ಕೂತಿರುತ್ತವೆ. ಎರಡು ಕುಳಿಗಳ ನಡುವಿನ ಗೋಡೆ ಸವೆದು ತೂತು ಬಿದ್ದಿರುವುದೂ ಉಂಟು. ಈ ಗಟ್ಟಿ ಬಂಡೆಯನ್ನು ಹೊಳೆ ಹೇಗೆ ಸೀಳಿತು ಅಂತ ಅಲ್ಲಿ ನೋಡಿದರೆ ಗೊತ್ತಾಗುತ್ತದೆ. ಮಳೆಗಾಲದಲ್ಲಿ ಇದೆಲ್ಲ ನೀರಿನ ಕೆಳಗೆ.

ಬೇಸಿಗೆಯ ಕಷ್ಟಗಳನ್ನೂ ಹೇಳಬೇಕು. ಹತ್ತು ಗಂಟೆ ದಾಟಿದರೆ ಬಂಡೆ ಕಾದು ಬರಿಗಾಲು ಇಡೋಕಾಗಲ್ಲ. ಅರ್ಕಾವತಿಯಲ್ಲಿ ನೀರು ಮೊಣಕಾಲಿನಷ್ಟಿದ್ದಾಗ ನಡೆದೇ ದಾಟಬಹುದು, ಆದರೆ ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಮೇಲ್ಗಡೆ ಅದಕ್ಕೇ ಸೇರುವುದು. ಮಳೆಗಾಲದಲ್ಲಿ ಅದು ಗಮನಕ್ಕೆ ಬಾರದೇ ಹೋಗಬಹುದು. ಬೇಸಿಗೆಯಲ್ಲಿ ಬಣ್ಣ, ವಾಸನೆ ಎರಡೂ ಹೇಳುತ್ತವೆ. ನಾವೇ ಕಳಿಸಿದ ನೀರನ್ನು ತುಳಿದು ಹೋಗುವಾಗ ಮನಸ್ಸಿಗೆ ಹಿಂಸೆಯಾಗುತ್ತದೆ. ಇಂಥ ಹೊಳೆಯನ್ನು ಹೀಗೆ ಮಾಡಿಬಿಟ್ಟಿದ್ದೀವಿ.

ಇನ್ನೊಂದು ಮಾತು ಮೂರೂ ಕಾಲಕ್ಕೂ ಸೇರಿದ್ದು. ಕಮರಿಯ ನೀರಿಗೆ ಇಳಿಯಲೇಬೇಡಿ. ಬೇಸಿಗೆಯಲ್ಲಿ ಮೇಲ್ಗಡೆ ಸುಮ್ನೆ ನಿಂತ ಹಾಗೆ ಕಾಣುವ ನೀರು ಒಳಗೆ ಎಳೆಯುತ್ತಿರುತ್ತದೆ, ಆಳವೂ ಗೊತ್ತಾಗುವುದಿಲ್ಲ, ನುಣುಪು ಗೋಡೆಯಲ್ಲಿ ಹಿಡಿದುಕೊಳ್ಳೋಕೆ ಏನೂ ಸಿಗುವುದಿಲ್ಲ. ಇಲ್ಲಿ ತುಂಬಾ ಜನ ಪ್ರಾಣ ಕಳೆದುಕೊಂಡಿದ್ದಾರೆ. ಮೊಸಳೆಗಳಿರುವ ಹೊಳೆ ಬೇರೆ, ಸುತ್ತ ಇರುವುದು ಕಾವೇರಿ ವನ್ಯಜೀವಿ ಧಾಮ. ಫೋಟೋಗೋಸ್ಕರ ಅಂಚಿಗೆ ಹೋಗುವವರನ್ನು ಕಂಡರೆ ಹಿಂದಕ್ಕೆ ಕರೆಯಿರಿ.

ಬೇಸಿಗೆಯಲ್ಲಿ ಹೊರಡುವುದಾದರೆ ವಾರದ ನಡುವಿನ ದಿನ ಆರಿಸಿಕೊಳ್ಳಿ, ಬೆಳಗ್ಗೆ ಮೊದಲ ಬಸ್ಸಿಗೇ ಹತ್ತಿ. ಹಿಡಿತ ಇರುವ ಚಪ್ಪಲಿ, ಟೋಪಿ, ಒಬ್ಬೊಬ್ಬರಿಗೆ ಎರಡು ಲೀಟರ್ ಕುಡಿಯುವ ನೀರು ಇರಲಿ. ವಯಸ್ಸಾದವರನ್ನು ಮಾತ್ರ ಆಗ ಕರೆದುಕೊಂಡು ಹೋಗಬೇಡಿ. ಬಂಡೆ ಹತ್ತಿ ಇಳಿಯುವ ಕಡೆ ನೆರಳೇ ಇಲ್ಲ, ಅವರನ್ನು ಡಿಸೆಂಬರ್ ಮೊದಲ ವಾರದಲ್ಲಿ ಕರೆದುಕೊಂಡು ಹೋಗಿ.