ಕಾಲುವೆ ಮನೆಗೆ ಯಾವ ಬೋಟು? ಪಾಂಟೂನ್, ಡೆಕ್ ಬೋಟ್, ಬೇ ಬೋಟ್ ಓಡಿಸಿ ನೋಡಿದ ಮೇಲೆ

ಫ್ಲೋರಿಡಾದ ಕೇಪ್ ಕೋರಲ್‌ನಲ್ಲಿ ನಮ್ಮ ಮನೆ. ಹಿತ್ತಲಲ್ಲಿ ಕಾಲುವೆ, ಡಾಕ್ ಅಂದರೆ ಬೋಟು ಕಟ್ಟುವ ಕಟ್ಟೆ, ಬೋಟನ್ನು ನೀರಿನಿಂದ ಮೇಲೆತ್ತಿ ಇಡೋಕೆ ಮನೆ ಮಾರಿದವರು ಬಿಟ್ಟುಹೋದ ಖಾಲಿ ಲಿಫ್ಟ್. ಬೋಟು ತಗೋಬೇಕು ಅಂತ ಅಂಗಡಿಗೆ ಹೋದರೆ ಅವರು ಶುರು ಮಾಡೋದೇ ಎಂಜಿನ್ನು, ಸ್ಪೀಡು, ಸ್ಪೀಕರುಗಳಿಂದ. ನನ್ನ ಪ್ರಕಾರ ಲೆಕ್ಕ ಶುರುವಾಗಬೇಕಾದ್ದು ಮನೆ ಹಿಂದಿನ ನೀರಿನಿಂದ. ಆಮೇಲೆ ಬೋಟಲ್ಲಿ ಯಾರು ಕೂರುತ್ತಾರೆ ಅನ್ನೋದು. ಎಂಜಿನ್ನು ಕೊನೆಗೆ.

1957ರಲ್ಲಿ ರೋಸೆನ್ ಸೋದರರು ಇಲ್ಲಿ ಜಾಗ ಕೊಂಡು, ಕಾಲುವೆ ತೋಡಿ, ಅದೇ ಮಣ್ಣಲ್ಲಿ ನೆಲ ಎತ್ತರಿಸಿ ಸೈಟು ಮಾಡಿ ಮಾರಿದರು. ಈಗ ಊರಲ್ಲಿ 400 ಮೈಲಿಯಷ್ಟು ಕಾಲುವೆ ಇದೆ. ಆದರೆ ಎಲ್ಲ ಕಾಲುವೆಯೂ ಸಮುದ್ರಕ್ಕೆ ಹೋಗುವುದಿಲ್ಲ. ಸಿಹಿನೀರಿನ ಕಾಲುವೆಯಾದರೆ ಅಲ್ಲೇ ಸುತ್ತಬೇಕು. ಉಪ್ಪುನೀರಿನದಾದರೆ ಕಲೂಸಹಾಚಿ ನದಿಗೋ ಮ್ಯಾಟ್ಲಶೇ ಕಡೆಗೋ ದಾರಿ ಇರುತ್ತದೆ. 'ಗಲ್ಫ್ ಆಕ್ಸೆಸ್', ಅಂದರೆ ಮನೆಯಿಂದ ಕಡಲಿಗೆ ಬೋಟಿನ ದಾರಿ ಇದೆ, ಅಂತ ಜಾಹೀರಾತಿನಲ್ಲಿ ಹಾಕಿರುತ್ತಾರಲ್ಲ, ಅದರಲ್ಲಿ ಐದು ನಿಮಿಷದ ಮನೆಯೂ ಇದೆ, ಗಂಟೆ ಹಿಡಿಯುವ ಮನೆಯೂ ಇದೆ. ಕಾಲುವೆಯೊಳಗೆ ಅಲೆ ಏಳದ ಹಾಗೆ ಆಮೆ ನಡಿಗೆಯಲ್ಲೇ ಹೋಗಬೇಕು. ನದಿಯಲ್ಲೂ ಮ್ಯಾನಟಿ ಅನ್ನೋ ಕಡಲ ಹಸುಗಳಿಗಾಗಿ ನಿಧಾನ ವಲಯಗಳಿವೆ. ನಮ್ಮದು ಉಪ್ಪುನೀರು, ನದಿ ಮುಟ್ಟೋಕೆ ಅರ್ಧ ಗಂಟೆ, ನಡುವೆ ಒಂದು ತಗ್ಗು ಸೇತುವೆ. 150 ಕುದುರೆಶಕ್ತಿ ಹಿಂದೆ ಗುರುಗುಟ್ಟುತ್ತಾ ಇರುತ್ತೆ, ಪಕ್ಕದ ದಂಡೆಯಲ್ಲಿ ನಾಯಿ ಜೊತೆ ನಡೆಯುವವರು ನಮ್ಮನ್ನು ದಾಟಿ ಹೋಗುತ್ತಾರೆ.

ಇಷ್ಟು ತಲೆಯಲ್ಲಿಟ್ಟುಕೊಂಡು ಬೋಟ್ ಕ್ಲಬ್ಬು, ಬಾಡಿಗೆ, ಸ್ನೇಹಿತರ ಬೋಟು ಅಂತ ಸಿಕ್ಕಿದ್ದನ್ನೆಲ್ಲ ಓಡಿಸಿ ನೋಡಿದೆವು. ಮನೆಯಲ್ಲಿ ನಾವಿಬ್ಬರು, ಇಬ್ಬರು ಮಕ್ಕಳು. ಚಳಿಗಾಲಕ್ಕೆ ಕುಂದಾಪುರದಿಂದ ಅಪ್ಪ, ಅಮ್ಮ ಬರುತ್ತಾರೆ.

ಮೊದಲು ಪಾಂಟೂನ್. ಉದ್ದನೆಯ ಅಲ್ಯುಮಿನಿಯಂ ಕೊಳವೆಗಳ ಮೇಲೆ ಚಪ್ಪಟೆ ನೆಲ, ಸುತ್ತ ಕಟಕಟೆ, ಸೋಫಾದಂಥ ಸೀಟು, ಮೇಲೆ ಮಡಚುವ ಬಟ್ಟೆ ಚಾವಣಿ. ನೋಡೋಕೆ ಬೋಟಿನ ಥರ ಇಲ್ಲ ಅಂತ ಮೂಗು ಮುರಿಯುವವರು ಜಾಸ್ತಿ. ನಾನೂ ಅದೇ ಪೈಕಿ. ಆದರೆ ಅಮ್ಮ ಹತ್ತುವುದನ್ನು ನೋಡಿದ ಮೇಲೆ ಬಾಯಿ ಮುಚ್ಚಿಕೊಂಡೆ. ಇಲ್ಲಿಯ ಉಬ್ಬರ ಇಳಿತ ನಮ್ಮ ಕರಾವಳಿಯಷ್ಟಿಲ್ಲ, ಒಂದು ಮೀಟರಿಗೂ ಕಮ್ಮಿ. ಆದರೆ ಚಳಿಗಾಲದಲ್ಲಿ ಉತ್ತರದ ಗಾಳಿ ಬಿಟ್ಟಾಗ ಕಾಲುವೆಯ ನೀರು ಇನ್ನೂ ಇಳಿಯುತ್ತದೆ. ಅಪ್ಪ ಅಮ್ಮ ಇರುವುದೂ ಆಗಲೇ. ಜನ ಕೂತಿರುವಾಗ ಲಿಫ್ಟ್ ಇಳಿಸಬಾರದು, ಬೋಟು ನೀರಿಗೆ ಬಿದ್ದ ಮೇಲೇ ಹತ್ತಬೇಕು. ಡೆಕ್ ಬೋಟಿನಲ್ಲಿ ಡಾಕ್‌ನಿಂದ ಕೆಳಗೆ ಕಾಲು ಚಾಚಿ, ಅಂಚಿನ ಮೇಲಿಟ್ಟು, ಅಲ್ಲಿಂದ ಸೀಟಿಗೆ, ಸೀಟಿನಿಂದ ನೆಲಕ್ಕೆ ಇಳಿಯಬೇಕಾಯಿತು. ಸೀರೆ ಉಟ್ಟ, ಮಂಡಿ ನೋವಿರುವ ಅಮ್ಮನಿಗೆ ಇದು ಆಗುವ ಮಾತಲ್ಲ. ಪಾಂಟೂನಿನ ನೆಲ ನೀರಿಗಿಂತ ಸಾಕಷ್ಟು ಎತ್ತರದಲ್ಲಿದೆ, ಪಕ್ಕದಲ್ಲೇ ಗೇಟು. ನನ್ನ ಕೈ ಹಿಡಿದು ಒಂದೇ ಹೆಜ್ಜೆ ಇಟ್ಟರು, ನೆರಿಗೆಯನ್ನೂ ಎತ್ತಿ ಹಿಡಿಯಬೇಕಾಗಲಿಲ್ಲ. ಕೂತವರೇ, "ಇದ್ ದೋಣಿ ಅಲ್ಲ ಮಗಾ, ಜಗಲಿ" ಅಂದರು.

ತೊಂದರೆ ಇಲ್ಲ ಅಂತಲ್ಲ. ಪಾಂಟೂನಿಗೆ ಗಾಳಿಯೇ ಶತ್ರು. ನೀರಿನ ಕೆಳಗೆ ಇರುವುದು ಸ್ವಲ್ಪ, ಮೇಲೆ ಇರುವುದೆಲ್ಲ ಗಾಳಿಗೆ ಒಡ್ಡಿದ ಗೋಡೆ. ಪಕ್ಕದ ಗಾಳಿಯಲ್ಲಿ ಡಾಕ್‌ಗೆ ಬರುವಾಗ ಮೂತಿ ಒಂದು ಕಡೆ, ಹಿಂಭಾಗ ಒಂದು ಕಡೆ ಎಳೆಯುತ್ತದೆ. ಆದಷ್ಟು ಗಾಳಿಗೆ ಮುಖ ಮಾಡಿ, ಗೇರು ಹಾಕಿ ತೆಗೆದು, ಹಾಕಿ ತೆಗೆದು ಬರಬೇಕು. ಜೋರು ಮಾಡಿದರೆ ಕೆಟ್ಟಿತು. ನದಿ ಸಮುದ್ರ ಸೇರುವ ಸ್ಯಾನಿಬೆಲ್ ದ್ವೀಪದ ಬಳಿ, ಇಳಿತದ ನೀರಿಗೆ ಎದುರುಗಾಳಿ ಬೀಸಿದರೆ ಗಿಡ್ಡ ಗಿಡ್ಡ ಅಲೆಗಳು ಒತ್ತೊತ್ತಾಗಿ ಏಳುತ್ತವೆ. ಎರಡು ಕೊಳವೆಯ ಪಾಂಟೂನಿನ ಮೂತಿ ಅದರೊಳಗೆ ನುಗ್ಗುತ್ತದೆ, ಮುಂದೆ ಕೂತವರಿಗೆ ಸ್ನಾನ. ಮೂರು ಕೊಳವೆಯದು, ಟ್ರೈಟೂನ್ ಅಂತಾರೆ, ಬೇರೆಯದೇ ಕಥೆ. ದೊಡ್ಡ ಎಂಜಿನ್ನು ಹೊರುತ್ತದೆ, ತಿರುವಿನಲ್ಲಿ ನೆಟ್ಟಗೆ ನಿಲ್ಲುತ್ತದೆ, ಸಾಧಾರಣ ಅಲೆಗೆ ಅಂಜುವುದಿಲ್ಲ. ಹಾಗಂತ ಸ್ಯಾನಿಬೆಲ್ ದಾಟಿ ತೆರೆದ ಕಡಲಿಗೆ ಒಯ್ಯುವ ಬೋಟಲ್ಲ.

ಡೆಕ್ ಬೋಟ್ ಅಂದರೆ ಫೈಬರ್ ಬೋಟು, ತಳ ವಿ ಆಕಾರ, ಮುಂಭಾಗ ಮಾತ್ರ ಅಗಲವಾಗಿ ಚಾಚಿರುತ್ತದೆ, ಅಲ್ಲಿ ಜನ ಕೂರಬಹುದು. ಮಕ್ಕಳಿಗೆ ಇದೇ ಪ್ರಾಣ. ಹಿಂದೆ ಈಜುವ ಹಲಗೆ, ಏಣಿ, ಮಕ್ಕಳು ಕೂರುವ ಗಾಳಿ ತುಂಬಿದ ಟ್ಯೂಬ್ ಎಳೆಯುವ ಕೊಂಡಿ ಎಲ್ಲ ಇದೆ. ಸ್ಟೀರಿಂಗ್ ಹಿಡಿದರೆ ಕಾರಿನಷ್ಟು ಚುರುಕು. ಹಲವು ಮಾಡೆಲ್‌ಗಳಲ್ಲಿ ಒಂದು ಪುಟ್ಟ ಬಾಗಿಲಿನ ಹಿಂದೆ ಪೋರ್ಟಬಲ್ ಟಾಯ್ಲೆಟ್ಟೂ ಇರುತ್ತದೆ. ಅಂಗಡಿಯವರು ಇದನ್ನು ಸುಮ್ನೆ ತೋರಿಸಿ ಮುಂದೆ ಹೋಗುತ್ತಾರೆ, ಆದರೆ ವಯಸ್ಸಾದವರು ಮತ್ತು ಪುಟ್ಟ ಹುಡುಗಿ ಇರುವ ಮನೆಗೆ ಇದು ಎಂಜಿನ್ನಿಗಿಂತ ದೊಡ್ಡ ವಿಷಯ. ಇಲ್ಲದಿದ್ದರೆ ಎರಡು ಗಂಟೆಗೊಮ್ಮೆ ಯಾವುದಾದರೂ ಹೋಟೆಲಿನ ಡಾಕ್ ಹುಡುಕಬೇಕು. ಈಗ ಪಾಂಟೂನಲ್ಲೂ ಮೂಲೆಯಲ್ಲಿ ಪರದೆ ಎಬ್ಬಿಸಿ ಅದೇ ವ್ಯವಸ್ಥೆ ಮಾಡಿಕೊಡುತ್ತಾರೆ, ಕೇಳಿ ಹಾಕಿಸಿಕೊಳ್ಳಬೇಕು ಅಷ್ಟೆ. ಡೆಕ್ ಬೋಟಿನ ಕುಂದು ಅದರ ಅಗಲ ಮೂತಿಯೇ. ಒರಟು ನೀರಿನಲ್ಲಿ ಢಬಢಬ ಅಂತ ಬಡಿಯುತ್ತದೆ, ಬೆನ್ನು ಕೇಳಬೇಡಿ. ಎರಡೂ ಕಡೆ ಪಾಸು, ಯಾವುದರಲ್ಲೂ ಫಸ್ಟ್ ಕ್ಲಾಸಿಲ್ಲ.

ಬೇ ಬೋಟ್ ಬಗ್ಗೆ ಬರೆಯುವಾಗ ಕೈ ತಡೆಯುವುದು ಕಷ್ಟ. ನಡುವೆ ನಿಂತು ಓಡಿಸುವ ಕನ್ಸೋಲ್, ಸುತ್ತಲೂ ಓಡಾಡಲು ಜಾಗ, ತಗ್ಗು ಅಂಚು, ಮುಂದೆ ಹಿಂದೆ ಗಾಳ ಎಸೆಯಲು ಸಮತಟ್ಟು ಜಾಗ. ಒಂದಡಿಗಿಂತ ಸ್ವಲ್ಪ ಜಾಸ್ತಿ ನೀರಿದ್ದರೆ ಸಾಕು, ತೇಲುತ್ತದೆ. ಪೈನ್ ಐಲ್ಯಾಂಡ್ ಸೌಂಡ್ ಅನ್ನೋ, ದ್ವೀಪಗಳ ನಡುವಿನ ಕಡಲ ಪಟ್ಟಿಯ ಉದ್ದಕ್ಕೂ ಹುಲ್ಲು ಬೆಳೆದ ತಗ್ಗು ನೀರು. ಪ್ರೊಪೆಲ್ಲರ್ ತಾಗಿದರೆ ಆ ಹುಲ್ಲಿನಲ್ಲಿ ವರ್ಷಗಟ್ಟಲೆ ಗಾಯ ಉಳಿಯುತ್ತದೆ. ಅಲ್ಲಿ ಈ ಬೋಟಿನ ಎಂಜಿನ್ನು ಎತ್ತಿ, ಮೂತಿಯಲ್ಲಿರುವ ಎಲೆಕ್ಟ್ರಿಕ್ ಮೋಟಾರಿನಲ್ಲಿ ಸದ್ದಿಲ್ಲದೆ ಹೋಗಬಹುದು. ಗುಂಡಿ ಒತ್ತಿದರೆ ಜಿಪಿಎಸ್ ಹಿಡಿದು ಲಂಗರಿಲ್ಲದೆ ಒಂದೇ ಕಡೆ ನಿಲ್ಲುತ್ತದೆ. ಮ್ಯಾಂಗ್ರೋವ್ ಬೇರಿನ ಸಂದಿಯಿಂದ ಸ್ನ್ಯಾಪರ್ ಮೀನು ಸಿಕ್ಕಿದ ದಿನ ಅಪ್ಪ ಮನೆಗೆ ಬರುವಷ್ಟರಲ್ಲಿ ಗಸಿಗೆ ಎಷ್ಟು ಮೆಣಸು ಅಂತ ಲೆಕ್ಕ ಹಾಕಿ ಆಗಿತ್ತು. ಬೋಟಿನಲ್ಲೇ ಹೋಗಬೇಕಾದ ಕಾಯೋ ಕೋಸ್ಟಾ ದ್ವೀಪಕ್ಕೆ, ಗಾಳಿ ಇದ್ದ ದಿನವೂ, ಈ ಬೋಟು ಬೇರೆ ಎರಡಕ್ಕಿಂತ ಹಾಯಾಗಿ ಹೋಯಿತು.

ಆದರೆ ಅದು ಮೀನು ಹಿಡಿಯುವವರ ಬೋಟು. ಬೆನ್ನು ಒರಗಿಸುವ ಸೀಟು ನಾಲ್ಕೇ. ನೆರಳು ಟಿ-ಟಾಪ್ ಕೆಳಗೆ ಇರುವಷ್ಟೇ. ಆ ಟಿ-ಟಾಪ್ ಮಡಚಲಾಗದ ಗಟ್ಟಿ ಚಾವಣಿ, ಅದರ ಮೇಲೆ ಆಂಟೆನಾ, ಗಾಳ ಸಿಕ್ಕಿಸುವ ಕೊಳವೆಗಳು. ನಮ್ಮ ಸೇತುವೆಯ ಕೆಳಗೆ ಉಬ್ಬರದ ಹೊತ್ತಿನಲ್ಲಿ ತಲೆ ತಗ್ಗಿಸಿ ಉಸಿರು ಬಿಗಿಹಿಡಿಯಬೇಕಾಯಿತು. ಪಾಂಟೂನಿನ ಬಟ್ಟೆ ಚಾವಣಿಯನ್ನು ಮಡಚಿ ಆರಾಮವಾಗಿ ನುಸುಳಬಹುದು. ತಗ್ಗು ಸೇತುವೆ ಇರುವ ಮನೆಯವರು ಬೋಟಿನ ಎತ್ತರವನ್ನು ನೀರಿನ ಮಟ್ಟದಿಂದ ಅಳೆದು, ಅಮಾವಾಸ್ಯೆ ಹುಣ್ಣಿಮೆಯ ಉಬ್ಬರದಲ್ಲಿ ಸೇತುವೆ ಹತ್ತಿರ ಹೋಗಿ ನೋಡಿಯೇ ಹಣ ಕೊಡಬೇಕು.

ಡಫ್ಫಿ ಥರದ ಬ್ಯಾಟರಿ ಬೋಟನ್ನೂ ಒಂದು ಸಂಜೆ ನೋಡಿದೆವು. ಗಂಟೆಗೆ ಐದಾರು ಮೈಲಿ ಹೋಗುತ್ತದೆ, ಮಾತು ಪಿಸುಗುಟ್ಟಿದರೂ ಕೇಳುತ್ತದೆ. ಸಿಹಿನೀರಿನ ಕಾಲುವೆ ಮನೆಯವರು ಬೇರೆ ಏನೂ ಯೋಚಿಸದೆ ಇದನ್ನೇ ಕೊಳ್ಳಲಿ. ನದಿಗೆ ಹೋಗುವವರಿಗೆ ಸಾಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನ ಮೂರರ ಹೊತ್ತಿಗೆ ಗುಡುಗು ಮಿಂಚು ಮಾಮೂಲು. ಆಗ ಓಡಿ ಮನೆ ಸೇರುವಷ್ಟು ವೇಗ ಬೇಕು.

ಉಪ್ಪುನೀರಿನ ಖರ್ಚು ಯಾವ ಬೋಟಿಗೂ ತಪ್ಪಿದ್ದಲ್ಲ. ನೀರಿನಲ್ಲೇ ಕಟ್ಟಿ ಬಿಟ್ಟರೆ ಕೆಲವೇ ವಾರಗಳಲ್ಲಿ ತಳದ ತುಂಬ ಬಾರ್ನಕಲ್ ಚಿಪ್ಪು. ಲಿಫ್ಟ್ ಇಲ್ಲದ ಮನೆಯವರು ಬೋಟಿಗಿಂತ ಮೊದಲು ಲಿಫ್ಟ್ ಹಾಕಿಸಲಿ. ಬಂದ ಕೂಡಲೇ ಎಂಜಿನ್ನಿಗೆ ಸಿಹಿನೀರು ಹಾಯಿಸಬೇಕು. ಪಾಂಟೂನಿನ ಅಲ್ಯುಮಿನಿಯಂ ಉಪ್ಪಿಗೆ ಬೇಗ ಸವೆಯುತ್ತದೆ, ಅದರ ಬದಲು ತಾನು ಸವೆಯುವ ಸತುವಿನ ತುಂಡುಗಳನ್ನು ಕೊಳವೆಗೆ ಬಿಗಿದಿರುತ್ತಾರೆ. ಅರ್ಧ ಸವೆದಾಗ ಬದಲಿಸಬೇಕು. ಫೈಬರ್ ತಳಕ್ಕೆ ಈ ತಲೆನೋವು ಕಮ್ಮಿ. ಪೆಟ್ರೋಲು ಎಥನಾಲ್ ಇಲ್ಲದ್ದೇ ಹಾಕಿಸಿ, ಇಲ್ಲಿ ಅದು 90 ಆಕ್ಟೇನಿನದು ಸಿಗುತ್ತದೆ. ಬೋಟು ವಾರಗಟ್ಟಲೆ ನಿಂತಾಗ ಎಥನಾಲ್ ತೇವ ಹೀರಿಕೊಂಡು ಎಂಜಿನ್ನಿನ ಹೊಟ್ಟೆ ಕೆಡಿಸುತ್ತದೆ.

ಅಗಲ ಎಂಟೂವರೆ ಅಡಿ ಮೀರದಿರಲಿ. ಅಷ್ಟಾದರೆ ವಿಶೇಷ ಪರವಾನಗಿ ಇಲ್ಲದೆ ಟ್ರೇಲರಿನಲ್ಲಿ ರಸ್ತೆಗೆ ತರಬಹುದು. 2022ರ ಸೆಪ್ಟೆಂಬರ್ 28ರಂದು ಇಯಾನ್ ಚಂಡಮಾರುತ ಕಾಯೋ ಕೋಸ್ಟಾದಲ್ಲೇ ದಡ ಹತ್ತಿತು, ಸ್ಯಾನಿಬೆಲ್‌ಗೆ ಹೋಗುವ ರಸ್ತೆಯೇ ಕಿತ್ತುಹೋಯಿತು. ಅಂಥ ಮುನ್ಸೂಚನೆ ಬಂದಾಗ ಬೋಟನ್ನು ಎಳೆದುಕೊಂಡು ಒಳನಾಡಿಗೆ ಹೋಗುವ ದಾರಿ ಇರಬೇಕು.

ಕಾನೂನು ಜಾಸ್ತಿ ಇಲ್ಲ. 1988ರ ಜನವರಿ 1 ಮತ್ತು ಆಮೇಲೆ ಹುಟ್ಟಿದವರು 10 ಕುದುರೆಶಕ್ತಿ ಅಥವಾ ಅದಕ್ಕಿಂತ ದೊಡ್ಡ ಎಂಜಿನ್ನಿನ ಬೋಟು ಓಡಿಸಲು ಫ್ಲೋರಿಡಾದ ಸುರಕ್ಷತಾ ಕಾರ್ಡು ಮಾಡಿಸಬೇಕು. ನನ್ನ ಹೆಂಡತಿ ಮಾಡಿಸಿದಳು, ನಾನು ವಯಸ್ಸಿನ ಲೆಕ್ಕದಲ್ಲಿ ಪಾರು. 26 ಅಡಿಗಿಂತ ಚಿಕ್ಕ ಬೋಟಿನಲ್ಲಿ ಆರು ವರ್ಷದ ಕೆಳಗಿನ ಮಕ್ಕಳಿಗೆ ಚಲಿಸುವಾಗ ಲೈಫ್ ಜಾಕೆಟ್ ತೊಡಿಸಿಯೇ ಇರಬೇಕು.

ಕೊನೆಗೆ ನಾವು ತಗೊಂಡಿದ್ದು 23 ಅಡಿಯ ಟ್ರೈಟೂನ್, ಪರದೆಯ ಟಾಯ್ಲೆಟ್ ಸಮೇತ. ಕಾರಣ, ನಮ್ಮ ಓಡಾಟ ಜಾಸ್ತಿ ಆಗುವುದು ಕೆಲಸ ಮುಗಿದ ಸಂಜೆಗಳಲ್ಲಿ, ಕಾಲುವೆಯೊಳಗೇ. ಅರ್ಧ ಗಂಟೆ ಆಮೆ ನಡಿಗೆಯಲ್ಲಿ ಹೋಗುವ ಮನೆಗೆ ಸೊಗಸಾಗಿ ಕೂರುವ ಜಾಗ ಮುಖ್ಯ, ವೇಗ ಅಲ್ಲ. ನದಿಗೆ ಐದೇ ನಿಮಿಷ ಇದ್ದಿದ್ದರೆ, ಮನೆಯಲ್ಲಿ ಹಿರಿಯರು ಇಲ್ಲದಿದ್ದರೆ, ಬೇ ಬೋಟ್ ಬಿಟ್ಟು ಬೇರೆಯದರ ಕಡೆ ನೋಡುತ್ತಲೂ ಇರಲಿಲ್ಲ. ಹದಿಹರೆಯದ ಮಕ್ಕಳಿಗೆ ನೀರಾಟವೇ ಮುಖ್ಯವಾದರೆ ಡೆಕ್ ಬೋಟ್ ತಗೊಳ್ಳಿ. ಕಾಯೋ ಕೋಸ್ಟಾಕ್ಕೆ ಹೋಗಬೇಕೆನಿಸಿದಾಗ ಅಪ್ಪನಿಗಾಗಿ ಕ್ಲಬ್ಬಿನ ಬೇ ಬೋಟ್ ಇದೆ.

ಒಂದು ವಿಷಯ ಅಂಗಡಿಯವರು ತಾವಾಗಿ ಹೇಳಲಿಲ್ಲ. ಹಳೇ ಲಿಫ್ಟಿನ ಮರದ ಹಲಗೆಗಳು ವಿ ತಳದ ಬೋಟಿಗೆ ಜೋಡಿಸಿದ್ದವು. ಪಾಂಟೂನಿನ ಕೊಳವೆಗಳಿಗೆ ಅವು ಹೊಂದುವುದಿಲ್ಲ, ಬಿಚ್ಚಿ ಬೇರೆ ಅಂತರದಲ್ಲಿ ಕೂರಿಸಬೇಕು. ಲಿಫ್ಟ್ ಎಷ್ಟು ತೂಕ ಎತ್ತುತ್ತದೆ ಅನ್ನೋದನ್ನೂ ನೋಡಿಕೊಳ್ಳಬೇಕು, ಎಂಜಿನ್ನು ಮತ್ತು ತುಂಬಿದ ಟ್ಯಾಂಕಿನ ತೂಕ ಸೇರಿಸಿ. ಬೋಟಿನ ಬೆಲೆ ಚೌಕಾಸಿ ಮಾಡುವಾಗಲೇ ಈ ಕೆಲಸವನ್ನೂ ಅದರಲ್ಲೇ ಸೇರಿಸಿ ಮಾತಾಡಿ. ಆಮೇಲೆ ಕೇಳಿದರೆ ಲಿಫ್ಟ್ ರಿಪೇರಿಯವರ ಬಿಲ್ಲು ಬೇರೆ, ಅವರು ಬರುವವರೆಗೆ ಕಾಯೋದು ಬೇರೆ.