ಐವತ್ತು ದಾಟಿ ಲೋಕ ಸುತ್ತಲು ಹೊರಟವರಿಗೆ ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್ ಟಿಕೆಟ್ ಹೇಗಿದೆ?

ನಾನು ಮತ್ತು ನಮ್ಮ ಯಜಮಾನರು ಐವತ್ತು ದಾಟಿದ ಮೇಲೆ ಕೆಲಸ ಬಿಟ್ಟು, ಮನೆ ಬಾಡಿಗೆಗೆ ಕೊಟ್ಟು ಲೋಕ ಸುತ್ತಲು ಹೊರಟವರು. ಅದಕ್ಕೆ ಕೊಂಡದ್ದು ಒನ್‌ವರ್ಲ್ಡ್ ಎಕ್ಸ್‌ಪ್ಲೋರರ್ ಎಂಬ ರೌಂಡ್ ದಿ ವರ್ಲ್ಡ್ ಟಿಕೆಟ್, ಅಂದರೆ ಲೋಕ ಸುತ್ತುವ ಫ್ಲೈಟುಗಳಿಗೆಲ್ಲ ಸೇರಿ ಒಂದೇ ಟಿಕೆಟ್. ಇದರ ಬಗ್ಗೆ ನಾನು ಹುಡುಕಿ ಓದಿದ್ದೆಲ್ಲ ಹೆಚ್ಚಾಗಿ ಇಪ್ಪತ್ತೈದರ ಹುಡುಗರು ಬರೆದದ್ದು. ಅವರ ಲೆಕ್ಕ ಬೇರೆ, ನಮ್ಮ ವಯಸ್ಸಿನವರ ಲೆಕ್ಕ ಬೇರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದೇನು ಅಂತ ಹೇಳಿಬಿಡುತ್ತೇನೆ. ಭೂಮಿ ಸುತ್ತಿ ಬರುವ ವಿಮಾನ ಸೇವೆಯನ್ನು ಪ್ಯಾನ್ ಆಮ್ 1947ರಲ್ಲೇ ಶುರುಮಾಡಿತ್ತು. ಈಗ ಅಂಥ ಟಿಕೆಟ್ಟುಗಳನ್ನು ಏರ್‌ಲೈನ್‌ಗಳ ಒಕ್ಕೂಟಗಳು ಮಾರುತ್ತವೆ. ಒನ್‌ವರ್ಲ್ಡ್ 1999ರಲ್ಲಿ ಶುರುವಾದ ಒಕ್ಕೂಟ. ಬ್ರಿಟಿಷ್ ಏರ್‌ವೇಸ್, ಐಬೀರಿಯಾ, ಕ್ವಾಂಟಾಸ್, ಜಪಾನ್ ಏರ್‌ಲೈನ್ಸ್, ಕತಾರ್ ಏರ್‌ವೇಸ್ ಎಲ್ಲ ಇದರಲ್ಲಿವೆ. ಎಕ್ಸ್‌ಪ್ಲೋರರ್ ಟಿಕೆಟ್ಟಿನ ಬೆಲೆ ಮೈಲಿ ಲೆಕ್ಕದಲ್ಲಿಲ್ಲ, ಎಷ್ಟು ಖಂಡ ಮುಟ್ಟುತ್ತೀರಿ ಎಂಬುದರ ಮೇಲಿದೆ. ಮೂರರಿಂದ ಆರು ಖಂಡ. ಎಲ್ಲಿಂದ ಹೊರಡುತ್ತೀರಿ ಎಂಬುದರ ಮೇಲೂ ಬೆಲೆ ಬದಲಾಗುತ್ತದೆ. ಹೆಚ್ಚೆಂದರೆ ಒಟ್ಟು 16 ಸೆಗ್‌ಮೆಂಟ್; ಒಂದೂರಿಂದ ಇನ್ನೊಂದೂರಿಗೆ ಹೋಗುವ ಒಂದು ಫ್ಲೈಟ್ ಅಂದರೆ ಒಂದು ಸೆಗ್‌ಮೆಂಟ್. ಅಟ್ಲಾಂಟಿಕ್ ಒಮ್ಮೆ, ಪೆಸಿಫಿಕ್ ಒಮ್ಮೆ ದಾಟಬೇಕು. ಪೂರ್ವವೋ ಪಶ್ಚಿಮವೋ, ಒಂದೇ ದಿಕ್ಕು ಹಿಡಿಯಬೇಕು. 12 ತಿಂಗಳೊಳಗೆ ಹೊರಟ ದೇಶಕ್ಕೆ ವಾಪಸ್ ಬರಬೇಕು.

ಒಂದು ಉಪಯೋಗದ ವಿಷಯ: ಇವರ ಲೆಕ್ಕದಲ್ಲಿ ಮೊರಾಕೊ, ಈಜಿಪ್ಟ್ ಎರಡೂ ಯುರೋಪಿನ ಜೊತೆಗೆ ಬರುತ್ತವೆ. ಕಾಸಾಬ್ಲಾಂಕಾ, ಕೈರೋ ನೋಡಲು ಇನ್ನೊಂದು ಖಂಡದ ದುಡ್ಡು ಕೊಡಬೇಕಿಲ್ಲ.

ಇನ್ನು 16 ಸೆಗ್‌ಮೆಂಟ್ ಇದೆ ಅಂತ ಎಲ್ಲವನ್ನೂ ತುಂಬಿಸುವ ಆಸೆ ಬರುತ್ತದೆ. ದಯವಿಟ್ಟು ತುಂಬಿಸಬೇಡಿ. ಈ ವಯಸ್ಸಿನಲ್ಲಿ ವಾರಕ್ಕೊಂದು ಊರು ಅಂದರೆ ದೇಹ ಕೇಳುವುದಿಲ್ಲ. ಹತ್ತು ದಿನ ಹಾಸಿಗೆ ಬದಲಾದರೆ ಸೊಂಟವೇ ಹೇಳುತ್ತದೆ. ನಾವು ಒಂದೊಂದು ಊರಲ್ಲೂ ಜಾಸ್ತಿ ದಿನ ಉಳಿದೆವು. ಬೆಳಿಗ್ಗೆ ಅದೇ ಪಾರ್ಕು, ಅದೇ ಬೆಂಚು, ಎದುರು ಸಿಕ್ಕವರು ಕೈ ಎತ್ತಿ ಮಾತಾಡಿಸುವಷ್ಟು ದಿನ. ಕೆಲಸ ಬಿಟ್ಟು ಬಂದದ್ದು ಈ ಪುರುಸೊತ್ತಿಗೇ ಅಲ್ವಾ? ಸಮುದ್ರ ದಾಟುವ ಉದ್ದದ ಫ್ಲೈಟುಗಳಿಗೆ ಈ ಟಿಕೆಟ್ ಬಳಸಿ, ನಡುವಿನದಕ್ಕೆ ರೈಲು, ಬಸ್ಸು ಹಿಡಿಯಿರಿ. ಅರ್ಜೆಂಟೀನಾದ ಮೆಂಡೋಸಾದಿಂದ ಚಿಲಿಯ ಸ್ಯಾಂಟಿಯಾಗೋಗೆ ನಾವು ಬಸ್ಸಲ್ಲೇ ಆಂಡೀಸ್ ದಾಟಿದೆವು. ಕಿಟಕಿ ಪಕ್ಕ ಕೂತು ಆ ಬೆಟ್ಟಗಳನ್ನು ನೋಡುತ್ತಾ ನಮ್ಮವರು ಗಡಿ ಬರುವ ತನಕ ಒಂದು ಮಾತೂ ಆಡಲಿಲ್ಲ. ಆದರೆ ನೆನಪಿಡಿ, ಒಂದು ಊರಲ್ಲಿ ಇಳಿದು ಮುಂದಿನ ಫ್ಲೈಟು ಬೇರೆ ಊರಿಂದ ಹಿಡಿದರೆ ಆ ನೆಲದ ದಾರಿಯೂ 16ರಲ್ಲಿ ಒಂದು ಅಂತ ಲೆಕ್ಕಕ್ಕೆ ಬರುತ್ತದೆ.

ದಿಕ್ಕಿನ ವಿಷಯದಲ್ಲಿ ನನ್ನ ಸಲಹೆ ಪಶ್ಚಿಮ. ನಮ್ಮ ದೇಹದ ಗಡಿಯಾರ ಸಾಮಾನ್ಯವಾಗಿ 24 ಗಂಟೆಗಿಂತ ಸ್ವಲ್ಪ ಉದ್ದ. ಹಾಗಾಗಿ ದಿನ ಉದ್ದವಾಗುವ ಪಶ್ಚಿಮದ ಪ್ರಯಾಣಕ್ಕೆ ಅದು ಬೇಗ ಹೊಂದಿಕೊಳ್ಳುತ್ತದೆ. ಪೆಸಿಫಿಕ್ ದಾಟುವಾಗ ಮಾತ್ರ ಮಾತ್ರೆಗಳ ಕಡೆ ಗಮನ ಇರಲಿ, ಅಲ್ಲಿ ದಿನಾಂಕ ರೇಖೆಯನ್ನು ಪಶ್ಚಿಮಕ್ಕೆ ದಾಟಿದರೆ ಕ್ಯಾಲೆಂಡರ್ ಒಂದು ದಿನ ಮುಂದಕ್ಕೆ ಜಿಗಿಯುತ್ತದೆ. ನಮ್ಮವರ ಬಿಪಿ ಮಾತ್ರೆ ಏಳು ಖಾನೆಯ ಡಬ್ಬಿಯಲ್ಲಿರುತ್ತದೆ, ವಾರದ ಒಂದೊಂದು ದಿನಕ್ಕೆ ಒಂದೊಂದು ಖಾನೆ. ಸ್ಯಾಂಟಿಯಾಗೋದಿಂದ ಸಿಡ್ನಿಗೆ ಮಂಗಳವಾರ ಮಧ್ಯಾಹ್ನ ಹೊರಟೆವು. ಇಳಿದಾಗ ಬುಧವಾರ ಸಂಜೆ. ಬುಧವಾರಕ್ಕೆ ಬೆಳಿಗ್ಗೆಯೇ ಬರಲಿಲ್ಲ, ಆ ಖಾನೆಯ ಮಾತ್ರೆ ಹಾಗೇ ಉಳಿದಿತ್ತು. ನಮ್ಮ ಡಾಕ್ಟರು ಹೊರಡುವ ಮೊದಲೇ ಹೇಳಿದ್ದರು, ಇವತ್ತು ಯಾವ ವಾರ ಅಂತ ನೋಡಬೇಡಿ, ಹಿಂದಿನ ಮಾತ್ರೆಯಿಂದ ಗಂಟೆ ಎಣಿಸಿ ಅಂತ. ನಿಮ್ಮ ಮಾತ್ರೆಗೆ ಯಾವ ಲೆಕ್ಕ ಅಂತ ನಿಮ್ಮ ಡಾಕ್ಟರನ್ನು ಕೇಳಿಕೊಂಡೇ ಹೊರಡಿ. ಮೆಗೆಲಾನ್ ಜೊತೆ ಹೊರಟಿದ್ದ ನಾವಿಕರಲ್ಲಿ ಉಳಿದವರು 1522ರಲ್ಲಿ ಪಶ್ಚಿಮವಾಗಿ ಲೋಕ ಸುತ್ತಿ ಕೇಪ್ ವರ್ಡೆ ದ್ವೀಪ ತಲುಪಿದಾಗಲೂ ಹೀಗೇ ಆಗಿತ್ತು. ಹಡಗಿನ ಲೆಕ್ಕದಲ್ಲಿ ಬುಧವಾರ, ದಡದವರಿಗೆ ಗುರುವಾರ! ಆ ಡಬ್ಬಿ ನೋಡಿದಾಗ ನನಗೆ ಅವರ ಗಾಬರಿ ಚೆನ್ನಾಗಿ ಅರ್ಥವಾಯಿತು.

ಮಾತ್ರೆ ವಿಷಯ ಬಂತಲ್ಲ, ಇನ್ನೊಂದು ಮಾತು. ಜಪಾನಿಗೆ ಡಾಕ್ಟರ್ ಬರೆದುಕೊಟ್ಟ ಮಾತ್ರೆ ಒಂದು ತಿಂಗಳಿಗಾಗುವಷ್ಟು ಮಾತ್ರ ಸುಮ್ನೆ ಒಯ್ಯಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಮೊದಲೇ ಅನುಮತಿ ಪತ್ರ ತರಿಸಿಕೊಳ್ಳಬೇಕು. ವರ್ಷದ ಮಾತ್ರೆ ಕಟ್ಟಿಕೊಂಡು ಹೊರಡುವವರು ಇದನ್ನು ಗಮನಿಸಿ.

ನಾವು ಬ್ಯೂನಸ್ ಐರಿಸ್‌ನಲ್ಲಿದ್ದಾಗ ಅಮ್ಮ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಹೋಗಲೇಬೇಕಿತ್ತು. ಈ ಟಿಕೆಟ್ಟಿನಲ್ಲಿ ಹಿಂದಕ್ಕೆ ತಿರುಗುವಂತಿಲ್ಲ. ನಾವು ಮುಂದಿನ ಫ್ಲೈಟಿನ ದಿನಾಂಕ ಮುಂದಕ್ಕೆ ಹಾಕಿಸಿ, ಬೇರೆ ಟಿಕೆಟ್ ಕೊಂಡು ಊರಿಗೆ ಹೋಗಿ, ಅಮ್ಮ ಎದ್ದು ಓಡಾಡುವಂತಾದ ಮೇಲೆ ಅದೇ ಊರಿಗೆ ವಾಪಸ್ ಬಂದು ಪ್ರಯಾಣ ಮುಂದುವರಿಸಿದೆವು. ದಿನಾಂಕ ಬದಲಿಸುವುದು ಸುಲಭವಾಗಿ ಆಯಿತು, ಅದಕ್ಕೆ ಪೂರಾ ಅಂಕ ಕೊಡುತ್ತೇನೆ. ಹೇಳದೆ ಕೇಳದೆ ಫ್ಲೈಟ್ ತಪ್ಪಿಸಿದ್ದರೆ ಉಳಿದ ಫ್ಲೈಟುಗಳೂ ರದ್ದಾಗುತ್ತಿದ್ದವು. ವಯಸ್ಸಾದ ಅಪ್ಪ ಅಮ್ಮ ಇರುವವರು ಹೀಗೊಂದು ಸಲ ಹೋಗಿ ಬರುವ ದುಡ್ಡನ್ನು ಬೇರೆಯಾಗಿಯೇ ತೆಗೆದಿಡಿ. ಅದನ್ನು ಬೇರೆ ಯಾವುದಕ್ಕೂ ಮುಟ್ಟಬೇಡಿ.

ಬೇಸರದ ವಿಷಯಗಳೂ ಇವೆ. ದಿನಾಂಕದಂತಲ್ಲ, ದಾರಿ ಬದಲಿಸಬೇಕು ಅಂದರೆ ಇಡೀ ಟಿಕೆಟ್ಟನ್ನೇ ಮತ್ತೆ ಮಾಡಿಸಬೇಕು, ಅದಕ್ಕೆ ಶುಲ್ಕ ಬೇರೆ. ಫೋನಿನಲ್ಲಿ ಸಿಗುವ ಎಲ್ಲರಿಗೂ ಈ ಟಿಕೆಟ್ಟಿನ ನಿಯಮ ಗೊತ್ತಿರುವುದಿಲ್ಲ. ನಮ್ಮನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುತ್ತಾ ಅರ್ಧ ದಿನ ಕಾಯಿಸಿದ್ದೂ ಇದೆ. ಒಂದೇ ವೀಸಾದಲ್ಲಿ ಸುತ್ತಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು ಎಂಬಂಥ ವೀಸಾ ಲೆಕ್ಕಗಳನ್ನು ಟಿಕೆಟ್ ಮಾಡಿಕೊಡುವವರು ನೋಡುವುದಿಲ್ಲ, ಅದು ನಿಮ್ಮ ತಲೆನೋವು. ಹಾಗಿದ್ದರೂ ಚೆಕ್‌ಇನ್ ಕೌಂಟರಿನಲ್ಲಿ ಮುಂದಿನ ಟಿಕೆಟ್ ಎಲ್ಲಿ ಅಂತ ಕೇಳಿದಾಗ ಇಡೀ ದಾರಿಯ ಪ್ರಿಂಟ್ ತೋರಿಸಿದರೆ ಸಾಕು, ಮಾತಿಲ್ಲದೆ ಬಿಡುತ್ತಿದ್ದರು.

ನಾನು ಐದಕ್ಕೆ ನಾಲ್ಕು ಕೊಡುತ್ತೇನೆ. ವರ್ಷದ ಕೊನೆಗೆ ಮರಳಲು ಮನೆ, ಮನೆಯವರು ಇರುವವರಿಗೆ ಇದು ಒಳ್ಳೆಯ ಟಿಕೆಟ್. ಮನೆಯನ್ನೂ ಮಾರಿ, ಯಾವಾಗ ಬರುತ್ತೇವೋ ಗೊತ್ತಿಲ್ಲ ಅಂತ ಹೊರಟವರಿಗೆ ಈ 12 ತಿಂಗಳು ಕಟ್ಟಿಹಾಕುತ್ತದೆ. ಅವರು ಒನ್‌ವೇ ಟಿಕೆಟ್ಟುಗಳನ್ನೇ ಒಂದೊಂದಾಗಿ ಕೊಳ್ಳುವುದು ಮೇಲು. ಇನ್ನೊಂದು, ಸಾಮಾನ್ಯವಾಗಿ 11 ತಿಂಗಳ ಆಚೆಗಿನ ಫ್ಲೈಟುಗಳು ಬುಕಿಂಗಿಗೆ ತೆರೆದಿರುವುದಿಲ್ಲ. ಕೊನೆಯ ಫ್ಲೈಟಿಗೆ ಸದ್ಯಕ್ಕೆ ಹತ್ತಿರದ ದಿನಾಂಕ ಹಾಕಿಸಿಕೊಂಡು, ಆಮೇಲೆ ನೆನಪಿಟ್ಟು ಬದಲಿಸಿಕೊಳ್ಳಿ.